ಗೇಟಿನ ಪಕ್ಕಕ್ಕೆ ಕುಳ್ಳ ಕೋನಿಫರ್: ಮೈಸೂರಿನ ಬಿಸಿಲಿಗೆ ಯಾವುದು ನಿಲ್ಲುತ್ತದೆ?

ಬೋಗಾದಿ ತಾರಸಿ
ನಮ್ಮದು ಬೋಗಾದಿ ಕಡೆ 20×30 ಸೈಟಿನ ಮನೆ. ಕಾರು ನಿಂತ ಮೇಲೆ ಗೇಟಿನ ಆಚೆ ಈಚೆ ಒಂದೊಂದು ಕುಂಡ ಇಡುವಷ್ಟು ಜಾಗ ಉಳಿಯುತ್ತದೆ, ಅಷ್ಟೇ. ಅಲ್ಲಿಗೆ ವರ್ಷಪೂರ್ತಿ ಹಸಿರಾಗಿರುವ, ದಾರಿಗೆ ಅಡ್ಡ ಬರದ, ಕಸ ಉದುರಿಸದ ಗಿಡ ಬೇಕು. ಮನೆ ಮುಂದಿನ ಹೊಂಗೆ ಎಲೆಯ ವಿಷಯಕ್ಕೆ ಪಕ್ಕದ ಮನೆ ಆಂಟಿ ಈಗಾಗಲೇ ಮುನಿಸಿಕೊಂಡಿದ್ದಾರೆ.

ರಿಂಗ್ ರೋಡ್ ಪಕ್ಕದ ನರ್ಸರಿಯಲ್ಲಿ ಮೂರು ಕೋನಿಫರ್ (ಹೂವಿನ ಬದಲು ಕೋನ್ ಬಿಡುವ, ಹೆಚ್ಚಾಗಿ ಸೂಜಿ ಎಲೆಯ ಜಾತಿ) ತೋರಿಸಿದರು. ಒಂದು, ಹಳದಿ ತುದಿಯ, ಮೊಟ್ಟೆ ಆಕಾರದ ಥೂಜಾ. ಇನ್ನೊಂದು, ಅಂತಸ್ತು ಅಂತಸ್ತಾಗಿ ಕೊಂಬೆ ಬಿಡುವ ಕ್ರಿಸ್ಮಸ್ ಗಿಡ. ಮೂರನೆಯದು ಗೋಲ್ಡನ್ ಸೈಪ್ರೆಸ್, ಎಲೆ ಉಜ್ಜಿದರೆ ನಿಂಬೆ ವಾಸನೆ. ಮೂರೂ "ಡ್ವಾರ್ಫ್ ಸಾರ್, ನಾಲ್ಕಡಿ ಮೇಲೆ ಹೋಗಲ್ಲ" ಅಂದರು. ನಮ್ಮನೆಯವರಿಗೆ ನಿಂಬೆ ವಾಸನೆಯದೇ ಬೇಕಂತೆ. ಮನೆ ಪಶ್ಚಿಮಕ್ಕೆ ಮುಖ, ಮಧ್ಯಾಹ್ನದಿಂದ ಸಂಜೆವರೆಗೆ ಬಿಸಿಲು ಬಡಿಯುತ್ತದೆ. ನೀರು ಬೋರ್‌ವೆಲ್‌ದು. ಯಾವುದು ತಗೊಳ್ಳಲಿ?

ಕುಂಡಪ್ರಿಯೆ
ನರ್ಸರಿಯವರ ಪ್ರಕಾರ ಎಲ್ಲ ಗಿಡವೂ ಡ್ವಾರ್ಫೇ, ನಾವು ದುಡ್ಡು ಕೊಡುವ ತನಕ.

ಹಳೇ ಮೈಸೂರು
ಆ ಎರಡನೆಯದು ಅರಕೇರಿಯಾ. ಆಸ್ಟ್ರೇಲಿಯಾದ ಆಚೆ ನಾರ್ಫೋಕ್ ದ್ವೀಪದ್ದು, ಅಲ್ಲಿ 50 ಮೀಟರ್ ದಾಟಿ ಬೆಳೆಯುವ ಮರ. ಡಿಸೆಂಬರ್ ಬಂದರೆ ಎರಡಡಿ ಗಿಡಕ್ಕೆ ಕೆಂಪು ರಿಬ್ಬನ್ ಕಟ್ಟಿ ಮಾರುತ್ತಾರೆ. ನಮ್ಮ ಸರಸ್ವತಿಪುರಂ ರಸ್ತೆಯಲ್ಲಿ ಒಬ್ಬರು ಹಬ್ಬ ಮುಗಿದ ಮೇಲೆ ಪಾಪ ಅಂತ ಅದನ್ನು ಕಾಂಪೌಂಡ್ ಒಳಗೆ ನೆಲಕ್ಕೆ ಹಾಕಿದರು. ಈಗ ಅವರ ಓವರ್‌ಹೆಡ್ ಟ್ಯಾಂಕಿಗಿಂತ ಮೇಲಿದೆ. ಕರೆಂಟ್ ತಂತಿಗೆ ತಾಗುತ್ತದೆ ಅಂತ ಪ್ರತಿ ಮಳೆಗಾಲದಲ್ಲೂ ಲೈನ್‌ಮನ್ ಬಂದು ನೋಡಿ ತಲೆ ಕೆರೆದುಕೊಂಡು ಹೋಗುತ್ತಾರೆ. ತುದಿ ಕತ್ತರಿಸಿದರೆ ಅದರ ಅಂದವೇ ಹೋಯಿತು, ಮತ್ತೆ ಆ ಗೋಪುರದ ಆಕಾರ ಬರುವುದಿಲ್ಲ.

ಕುಂಡದಲ್ಲಿಟ್ಟರೆ ನಿಧಾನವಾಗಿ ಬೆಳೆಯುತ್ತದೆ ನಿಜ. ಆದರೆ ಅದನ್ನು ಕುಳ್ಳ ಜಾತಿ ಅನ್ನುವುದು ಸುಳ್ಳು.

ಮಲ್ಲಿಗೆ ಮೊಗ್ಗು
ಅರಕೇರಿಯಾ ಪರವಾಗಿ ಒಂದು ಮಾತು. ಕಿಟಕಿ ಬೆಳಕು ಚೆನ್ನಾಗಿದ್ದರೆ ಮನೆಯೊಳಗೆ ವರ್ಷಗಟ್ಟಲೆ ಇರುತ್ತದೆ. ಕೋನಿಫರ್‌ಗಳಲ್ಲಿ ಆ ಗುಣ ಇರುವುದು ಅಪರೂಪ. ಕೆಳಗಿನ ಕೊಂಬೆ ಒಣಗಿ ಬಿದ್ದರೆ ಮಾತ್ರ ಅಲ್ಲಿ ಮತ್ತೆ ಚಿಗುರುವುದಿಲ್ಲ, ಬೋಳು ಕಾಲು ಹಾಗೇ ಉಳಿಯುತ್ತದೆ.

ಗಿಡದ ಗೀಳು
ಡ್ವಾರ್ಫ್ ಅನ್ನುವುದಕ್ಕೆ ಲೆಕ್ಕ ಇದೆ ಕಣ್ರೀ, ಯಾರೋ ಬಾಯಿಗೆ ಬಂದಂತೆ ಹೇಳುವುದಲ್ಲ. ಅಮೆರಿಕದ ಕೋನಿಫರ್ ಸೊಸೈಟಿಯವರು ವರ್ಷಕ್ಕೆ ಎಷ್ಟು ಬೆಳೆಯುತ್ತದೆ ಅನ್ನುವುದರ ಮೇಲೆ ವಿಂಗಡಿಸುತ್ತಾರೆ. ವರ್ಷಕ್ಕೆ ಒಂದು ಇಂಚಿಗಿಂತ ಕಡಿಮೆ ಬೆಳೆದರೆ ಮಿನಿಯೇಚರ್, 1ರಿಂದ 6 ಇಂಚು ಬೆಳೆದರೆ ಡ್ವಾರ್ಫ್. 6ರಿಂದ 12 ಇಂಚಿನದು ಮಧ್ಯಮ, ಅದರ ಮೇಲೆ ದೊಡ್ಡದು. ಅಂದರೆ ಡ್ವಾರ್ಫ್ ಕೂಡ ಬೆಳೆಯುವುದನ್ನು ನಿಲ್ಲಿಸುವುದಿಲ್ಲ. ಹತ್ತು ವರ್ಷಕ್ಕೆ ಐದಡಿ ಆದರೂ ಅದು ಡ್ವಾರ್ಫೇ. "ನಾಲ್ಕಡಿ ಮೇಲೆ ಹೋಗಲ್ಲ" ಅನ್ನುವ ಗ್ಯಾರಂಟಿ ಯಾರೂ ಕೊಡಲಾರರು.

ಅದೂ ಅಲ್ಲದೆ ಆ ಲೆಕ್ಕ ಚಳಿ ದೇಶದ್ದು. ನಮ್ಮಲ್ಲಿ ಗಿಡಕ್ಕೆ ಚಳಿಗಾಲದ ನಿದ್ದೆಯೇ ಇಲ್ಲ, ಹೊಂದಿಕೊಂಡ ಗಿಡ ಇನ್ನೂ ಜೋರಾಗಿ ಬೆಳೆಯುತ್ತದೆ.

ಮಂಡ್ಯ ಹೈದ
ಇಷ್ಟೆಲ್ಲ ಯಾಕೆ ಗುರು? ಒಂದು ಸರ್ವೆ ಗಿಡ ತಂದು ಕುಂಡದಲ್ಲಿಟ್ಟು ತಿಂಗಳಿಗೊಮ್ಮೆ ಕತ್ತರಿ ಆಡಿಸಿ. ಅದೂ ಸೂಜಿ ಎಲೆಯದೇ, ಅದೂ ಕೋನಿಫರೇ. ನಮ್ಮ ಕಡೆ ಗದ್ದೆ ಬದುವಲ್ಲಿ ಪುಕ್ಕಟೆ ಸಿಗುತ್ತದೆ.

ಗಿಡದ ಗೀಳು
ಸರ್ವೆ ಕೋನಿಫರ್ ಅಲ್ಲ ಅಣ್ಣ. ಅದು ಹೂ ಬಿಡುವ ಜಾತಿ. ಸೂಜಿ ಅಂತ ಕಾಣುವುದು ಎಲೆಯಲ್ಲ, ಸಣ್ಣ ಕಡ್ಡಿ. ಒಂದನ್ನು ಕಿತ್ತು ಎಳೆದು ನೋಡಿ, ಗೆಣ್ಣು ಗೆಣ್ಣಾಗಿ ಬಿಡಿಸಿಕೊಳ್ಳುತ್ತದೆ. ಆ ಗೆಣ್ಣಿನ ಸುತ್ತ ಹಲ್ಲು ಹಲ್ಲಾಗಿ ಇರುತ್ತವಲ್ಲ, ಅವು ನಿಜವಾದ ಎಲೆ.

ಮಂಡ್ಯ ಹೈದ
ಆಗಲಿ ಬಿಡಿ, ಅವರ ಗೇಟಿಗೆ ಬೇಕಿರೋದು ಹಸಿರು, ಜಾತಿ ಪ್ರಮಾಣಪತ್ರ ಅಲ್ಲ.

ಕುಂಡಪ್ರಿಯೆ
😂 ಹೈದ ಹೇಳಿದ್ದು ಸರಿ. ಆದರೆ ಸರ್ವೆ ಕಡ್ಡಿ ಉದುರಿಸುತ್ತಲೇ ಇರುತ್ತದೆ. ಪಕ್ಕದ ಮನೆ ಆಂಟಿ ಸುಮ್ನೆ ಬಿಡ್ತಾರಾ?

ಜೆ.ಪಿ. ನಗರದ ಅಕ್ಕ
ಯಾರೂ ಊಟಿಯಿಂದ ಮಾತ್ರ ತರಬೇಡಿ. ನಮ್ಮ ಭಾವ ಪ್ರತಿ ಸಲ ಊಟಿಗೆ ಹೋದಾಗಲೂ ಕಾರಿನ ಡಿಕ್ಕಿಯಲ್ಲಿ ಒಂದು ಗಿಡ ಹಾಕಿಕೊಂಡು ಬರುತ್ತಾರೆ. ಕಳೆದ ಬಾರಿ ಒಂದು ಪುಟ್ಟ ಸ್ಪ್ರೂಸ್, ಎಷ್ಟು ಚೆಂದ ಅಂದರೆ ಬಂಡೀಪುರ ದಾಟುವ ತನಕ ಮಕ್ಕಳು ಅದನ್ನು ತೊಡೆ ಮೇಲೆ ಇಟ್ಟುಕೊಂಡಿದ್ದರು. ಮೈಸೂರಿಗೆ ಬಂದು ಚೆನ್ನಾಗಿಯೇ ಇತ್ತು. ಭಾವ ಎಲ್ಲರಿಗೂ ಫೋಟೊ ಕಳಿಸಿದ್ದೇ ಕಳಿಸಿದ್ದು. ಆಮೇಲೆ ಒಂದು ದಿನ ಕೆಲಸದವಳು ಗುಡಿಸುವಾಗ ಪೊರಕೆ ತಾಗಿತು, ಒಂದು ಕಡೆಯ ಸೂಜಿ ಪೂರ್ತಿ ನೆಲಕ್ಕೆ ಬಿತ್ತು. ಆಗ ಗೊತ್ತಾಯಿತು, ಅದು ಯಾವತ್ತೋ ಸತ್ತಿದೆ ಅಂತ. ಭಾವ ಮಾತ್ರ ಇವತ್ತಿಗೂ ಪೊರಕೆಯದೇ ತಪ್ಪು ಅನ್ನುತ್ತಾರೆ.

ಜುನಿಪರ್ ಜಗಲಿ
ಅಕ್ಕ, ನಿಮ್ಮ ಭಾವನ ಕಥೆ ಈ ಊರಿನ ಅರ್ಧ ಮನೆಗಳ ಕಥೆ. ಊಟಿ ಸುಮಾರು 2,240 ಮೀಟರ್ ಎತ್ತರ, ಮೈಸೂರು 770 ಮೀಟರ್ ಆಸುಪಾಸು. ಎರಡರ ನಡುವೆ ಇರುವುದು ಬರೀ ನಾಲ್ಕು ಗಂಟೆ ದಾರಿಯಲ್ಲ, ಬೇರೆಯೇ ಹವಾಮಾನ.

ಅಂಗಡಿಯಲ್ಲಿ ಕೋನ್ ಆಕಾರದಲ್ಲಿ ಮಾರುವ ಆ ಪುಟ್ಟ ಸ್ಪ್ರೂಸ್ ಸಾಮಾನ್ಯವಾಗಿ ಡ್ವಾರ್ಫ್ ಆಲ್ಬರ್ಟಾ ಸ್ಪ್ರೂಸ್ ಆಗಿರುತ್ತದೆ. ಅದು ಸಿಕ್ಕಿದ್ದು 1904ರಲ್ಲಿ, ಕೆನಡಾದ ಆಲ್ಬರ್ಟಾದ ಲ್ಯಾಗನ್ ಅನ್ನುವ ಕಡೆ. ಬಾಸ್ಟನ್‌ನ ಅರ್ನಾಲ್ಡ್ ಆರ್ಬೊರೀಟಂ ಅನ್ನುವ ಮರಗಳ ತೋಟದ ಇಬ್ಬರು ಸಸ್ಯತಜ್ಞರ ಕಣ್ಣಿಗೆ ಬಿತ್ತು. ಹಿಮ ಬೀಳುವ ಊರಿನ ಗಿಡ. ಅದಕ್ಕೆ ಬಿಸಿಲಿಗಿಂತ ಜಾಸ್ತಿ ತೊಂದರೆ ನಮ್ಮ ಬೆಚ್ಚನೆಯ ರಾತ್ರಿಯದು.

ಮುಖ್ಯವಾದ ವಿಷಯ ಬೇರೆ ಇದೆ. ಕೋನಿಫರ್ ಬಾಡುವುದಿಲ್ಲ. ದಾಸವಾಳಕ್ಕೆ ನೀರು ಕಡಿಮೆಯಾದರೆ ಸಂಜೆಗೆ ತಲೆ ಬಗ್ಗಿಸಿ ಹೇಳುತ್ತದೆ. ಇವು ಹೇಳುವುದೇ ಇಲ್ಲ. ಬೇರು ಸತ್ತು ವಾರಗಳಾದರೂ ಎಲೆ ಹಸಿರಾಗಿಯೇ ಇರುತ್ತದೆ. ಕಂದು ಬಣ್ಣ ಕಾಣುವ ಹೊತ್ತಿಗೆ ಎಲ್ಲ ಮುಗಿದಿರುತ್ತದೆ. ಹಾಗಾಗಿ ಎಲೆಯ ಬಣ್ಣ ನೋಡಿ ನೀರು ಹಾಕಬೇಡಿ. ಎರಡು ಇಂಚು ಮಣ್ಣಿಗೆ ಬೆರಳು ಹಾಕಿ, ಒಣಗಿದ್ದರೆ ಮಾತ್ರ ಹಾಕಿ, ಹಾಕಿದಾಗ ಕೆಳಗಿನ ತೂತಿನಿಂದ ಹರಿಯುವಷ್ಟು ಹಾಕಿ. ಚಿಗುರು ತುದಿ ಮುಟ್ಟಿ ನೋಡುವುದನ್ನೂ ಅಭ್ಯಾಸ ಮಾಡಿಕೊಳ್ಳಿ. ಜೀವ ಇದ್ದರೆ ಬಳುಕುತ್ತದೆ, ಇಲ್ಲದಿದ್ದರೆ ಹಸಿರಾಗಿದ್ದರೂ ಚುರುಚುರು ಅನ್ನುತ್ತದೆ.

ಮೂರರಲ್ಲಿ ನನ್ನ ಓಟು ಥೂಜಾಗೆ. ನಿಂಬೆ ವಾಸನೆಯ ಸೈಪ್ರೆಸ್ ಕ್ಯಾಲಿಫೋರ್ನಿಯಾದ ಮಾಂಟೆರೆ ಕಡಲ ತೀರದ್ದು, ತಂಪು ಗಾಳಿ, ಮಂಜು ಇರುವ ಜಾಗ. ನೀಲಗಿರಿಯಲ್ಲಿ ಚೆನ್ನಾಗಿ ಬರುತ್ತದೆ. ನಿಮ್ಮ ಪಶ್ಚಿಮದ ಗೇಟಿನಲ್ಲಿ ಏಪ್ರಿಲ್ ದಾಟುವುದು ಕಷ್ಟ. ಮನೆಯವರಿಗೆ ನಿಂಬೆ ವಾಸನೆಯೇ ಬೇಕಿದ್ದರೆ ಒಂದು ಬುಡ ಮಜ್ಜಿಗೆಹುಲ್ಲು ನೆಡಿ.

ಬೋಗಾದಿ ತಾರಸಿ
ಮಜ್ಜಿಗೆಹುಲ್ಲಿನ ಮಾತು ಮನೆಯಲ್ಲಿ ಹೇಳಿದೆ. ಉತ್ತರ ಇಲ್ಲಿ ಬರೆಯುವಂತಿಲ್ಲ.

ರಿಂಗ್‌ರೋಡ್ ನರ್ಸರಿ ಹುಡುಗ
ಎಲ್ಲರೂ ನಮ್ಮನ್ನೇ ಬೈತೀರಲ್ಲ, ನಮ್ಮ ಕಷ್ಟವನ್ನೂ ಕೇಳಿ. ನಾನು ಈ ಕೆಲಸದಲ್ಲೇ ಇದ್ದೇನೆ, ಯಾವ ನರ್ಸರಿ ಅಂತ ಹೇಳಲ್ಲ. ತುಂಬಾ ಗಿಡ ಆಂಧ್ರದ ಕಡಿಯಂನಿಂದ ಲಾರಿಯಲ್ಲಿ ಬರುತ್ತದೆ. ದಾರಿಯಲ್ಲಿ ಬೇರು ಒಣಗಬಾರದು ಅಂತ ಅಂಟು ಮಣ್ಣಿನ ಮುದ್ದೆ ಮಾಡಿ ಕವರಿಗೆ ಹಾಕಿರುತ್ತಾರೆ. ಅಲ್ಲಿಂದ ಬಂದ ಚೀಟಿಯಲ್ಲಿ ಡ್ವಾರ್ಫ್ ಅಂತ ಇದ್ದರೆ ನಾವೂ ಡ್ವಾರ್ಫ್ ಅಂತೀವಿ. ಗಿರಾಕಿ ಕೇಳೋದು ಎರಡೇ ಪ್ರಶ್ನೆ, "ಎಷ್ಟು?" ಮತ್ತು "ಕಡಿಮೆ ಮಾಡ್ಕೊಳ್ಳಿ".

ಥೂಜಾ ತಗೊಳ್ಳುವಾಗ ಒಂದು ನೋಡಿ. ಮೋರ್‌ಪಂಖಿ ಅಂತ ಬೀಜದಿಂದ ಎಬ್ಬಿಸಿದ ಗಿಡವೂ ಅದರ ಪಕ್ಕದಲ್ಲೇ ಇರುತ್ತದೆ, ಬೆಲೆ ಕಡಿಮೆ. ಅದಕ್ಕೆ ನಡುವೆ ಒಂದು ಕಾಂಡ ಸೆಟೆದು ಮೇಲೆ ಹೋಗುತ್ತದೆ, ರೆಕ್ಕೆಗಳು ಸಡಿಲ, ನೀಲಿ ಮಿಶ್ರಿತ ಹಸಿರು ಕಾಯಿ ಬಿಟ್ಟಿರುತ್ತದೆ, ಕಾಯಿಗೆ ಪುಟ್ಟ ಕೊಂಬು. ಅದು ಮರವಾಗುವ ಜಾತಿ. ನಿಜವಾದ ಕುಳ್ಳದಕ್ಕೆ ಬುಡದಿಂದಲೇ ಹಲವು ಕಾಂಡ, ಎಲೆಗಳು ಪುಸ್ತಕದ ಹಾಳೆ ನಿಲ್ಲಿಸಿದ ಹಾಗೆ ಒತ್ತೊತ್ತಾಗಿ ನೆಟ್ಟಗೆ ನಿಂತಿರುತ್ತವೆ, ತುದಿ ಬಂಗಾರದ ಬಣ್ಣ.

ಗಿಡದ ಗೀಳು
ತಮ್ಮ ಹೇಳಿದ್ದು ನೂರಕ್ಕೆ ನೂರು. ಆ ಬಂಗಾರದ ತಳಿಯ ಹೆಸರು ಔರಿಯಾ ನಾನಾ. ಹತ್ತು ವರ್ಷಕ್ಕೆ ಮೂರಡಿ ಆಸುಪಾಸು. ಕಟಿಂಗ್‌ನಿಂದಲೇ ಮಾಡಬೇಕು, ಬೀಜ ಹಾಕಿದರೆ ಕುಳ್ಳತನ ಹಾಗೇ ಬರುತ್ತದೆ ಅನ್ನುವ ಹಾಗಿಲ್ಲ. ಅಂದ ಹಾಗೆ ಅದು ಈಗ ಥೂಜಾ ಕುಲದಲ್ಲೂ ಇಲ್ಲ. ಲಿನೇಯಸ್ 1753ರಲ್ಲಿ ಥೂಜಾ ಓರಿಯೆಂಟಾಲಿಸ್ ಅಂತ ಹೆಸರಿಟ್ಟಿದ್ದು, 1949ರಲ್ಲಿ ಪ್ಲಾಟಿಕ್ಲಾಡಸ್‌ಗೆ ಹೋಯಿತು. ನರ್ಸರಿಯಲ್ಲಿ ಆ ಹೆಸರು ಕೇಳಿದರೆ ಟೀ ಕೊಟ್ಟು ಕಳಿಸುತ್ತಾರೆ.

ಅಮೆರಿಕದ ಥೂಜಾ ಬೇರೆ. ಎಮರಾಲ್ಡ್ ಅಂತ ಆನ್‌ಲೈನ್‌ನಲ್ಲಿ ಫೋಟೊ ಹಾಕಿ ಮಾರುವುದು ಅದೇ. ತಂಪು ಜಾಗದ್ದು, ತಗೊಳ್ಳಬೇಡಿ.

ಕಾವೇರಿ ತೀರ
ಆ ಅಂಟು ಮಣ್ಣಿನ ಮುದ್ದೆಯೇ ನಿಜವಾದ ಶತ್ರು. ಹೊರಗಿನಿಂದ ಎಷ್ಟು ಚೆನ್ನಾಗಿ ಮಣ್ಣು ಹದ ಮಾಡಿ ಹಾಕಿದರೂ ನೀರು ಮುದ್ದೆಯೊಳಗೆ ಹೋಗುವುದಿಲ್ಲ, ಪಕ್ಕದಿಂದ ಹರಿದುಹೋಗುತ್ತದೆ. ಇಲ್ಲ ಅಂದರೆ ಒಳಗೆ ಹೋದದ್ದು ಹೊರಗೆ ಬರುವುದಿಲ್ಲ. ತಂದ ದಿನವೇ ಬಕೆಟ್ ನೀರಿನಲ್ಲಿ ಅದ್ದಿ ಪೂರ್ತಿ ತೊಳೆದು ನೆಡಿ.

ಜುನಿಪರ್ ಜಗಲಿ
ಬೇಡ ಬೇಡ. ಗುಲಾಬಿಗೆ ಆಗಬಹುದು, ಇದಕ್ಕೆ ಆಗುವುದಿಲ್ಲ. ಕೋನಿಫರ್ ಬೇರನ್ನು ಒಂದೇ ಸಲ ಬೋಳು ಮಾಡಿದರೆ ಚೇತರಿಸಿಕೊಳ್ಳುವುದು ಕಷ್ಟ. ಮುದ್ದೆಯ ತಳ ಮತ್ತು ಹೊರಗಿನ ಮೂರನೇ ಒಂದು ಭಾಗವನ್ನು ಬಿದಿರು ಕಡ್ಡಿಯಲ್ಲಿ ಮೆಲ್ಲಗೆ ಕೆದಕಿ ಬಿಡಿಸಿ, ಉಳಿದದ್ದಕ್ಕೆ ನಾಲ್ಕಾರು ಕಡೆ ಕಡ್ಡಿ ಚುಚ್ಚಿ ನೀರಿಗೆ ದಾರಿ ಮಾಡಿ. ಮಿಕ್ಕದ್ದು ಮುಂದಿನ ವರ್ಷ ಕುಂಡ ಬದಲಿಸುವಾಗ. ಬೋನ್ಸಾಯ್ ಮಾಡುವವರೂ ಹೀಗೇ ಭಾಗ ಭಾಗವಾಗಿ ತೆಗೆಯುವುದು.

ಕಾವೇರಿ ತೀರ
ನಾನು ಪೂರ್ತಿ ತೊಳೆದು ನೆಟ್ಟ ಥೂಜಾ ಬದುಕಿದೆ ಸಾರ್. ಫೋಟೊ ಹಾಕಲೇ?

ಜುನಿಪರ್ ಜಗಲಿ
ಹಾಕಿ. ಒಂದು ಬದುಕಿತು ಅಂದರೆ ಎಲ್ಲವೂ ಬದುಕುತ್ತದೆ ಅಂತಲ್ಲ ಅಲ್ವಾ? ಮಳೆಗಾಲದ ಮೋಡದಲ್ಲಿ ಮಾಡಿರುತ್ತೀರಿ.

ಕಾವೇರಿ ತೀರ
...ಜುಲೈ. ಸರಿ, ಒಪ್ಪಿದೆ.

ಪಾಂಡವಪುರದ ಪಂಪ್‌ಸೆಟ್
ಮಣ್ಣಿನ ಹದ ಯಾರೂ ಬರೆದಿಲ್ಲ. ನಾನು ಹಾಕುವುದು ಎರಡು ಪಾಲು ಕೆಮ್ಮಣ್ಣು, ಎರಡು ಪಾಲು ದಪ್ಪ ಮರಳು ಅಥವಾ ಸಣ್ಣ ಇಟ್ಟಿಗೆ ಚೂರು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಪಾಲು ಸುಟ್ಟ ಭತ್ತದ ಹೊಟ್ಟು. ಎಂ-ಸ್ಯಾಂಡ್ ಹಾಕುವುದಾದರೆ ಜರಡಿ ಹಿಡಿದು ದೂಳು ತೆಗೆಯಿರಿ, ಇಲ್ಲದಿದ್ದರೆ ಸಿಮೆಂಟ್ ಕಟ್ಟೆ ಆಗುತ್ತದೆ. ಕೊಕೊಪೀಟ್ ಜಾಸ್ತಿ ಬೇಡ, ಮಳೆಯಲ್ಲಿ ಒದ್ದೆ ಇಳಿಯುವುದೇ ಇಲ್ಲ. ನಮ್ಮ ಕಡೆ ಮೇ ತಿಂಗಳಲ್ಲಿ ಒಮ್ಮೆ, ಮತ್ತೆ ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ ಮಳೆ ಜೋರು. ಬೇರು ಕೊಳೆಯುವುದು ಆಗಲೇ. ಕುಂಡದ ಕೆಳಗೆ ತಟ್ಟೆ ಇಟ್ಟಿದ್ದರೆ ತೆಗೆದುಬಿಡಿ, ಎರಡು ಇಟ್ಟಿಗೆ ಮೇಲೆ ಎತ್ತಿ ಇಡಿ.

ಬೋರ್ ನೀರಿನ ಬಗ್ಗೆ: ನಾಲೆ ಬಯಲಿನಲ್ಲಿ ಎಷ್ಟೋ ಕಡೆ ಚೌಳು ಮಣ್ಣು, ನೀರಿನಲ್ಲೂ ಉಪ್ಪು. ಕುಂಡದ ಹೊರಮೈಗೆ ಬಿಳಿ ಪೊರೆ ಕಟ್ಟುತ್ತದಲ್ಲ, ಅದೇ. ಥೂಜಾ ಸ್ವಲ್ಪ ಸುಣ್ಣದ ಮಣ್ಣನ್ನು ತಡೆದುಕೊಳ್ಳುತ್ತದೆ, ಅದೊಂದು ಪುಣ್ಯ. ಆದರೂ ಮಳೆ ನೀರು ಹಿಡಿದಿಟ್ಟು ಆಗಾಗ ಕುಂಡ ತೊಳೆದುಹೋಗುವಷ್ಟು ಹೊಯ್ಯಿರಿ.

ಕುಂಡಪ್ರಿಯೆ
ಕಪ್ಪು ಪ್ಲಾಸ್ಟಿಕ್ ಕುಂಡ ಬೇಡ. ಪಶ್ಚಿಮದ ಬಿಸಿಲಿಗೆ ಮುಟ್ಟಿ ನೋಡಿ, ಕೈ ಸುಡುತ್ತದೆ. ಒಳಗೆ ಬೇರು ಬೇಯುತ್ತಿರುತ್ತದೆ. ದಪ್ಪ ಮಣ್ಣಿನ ಕುಂಡ, 14 ಇಂಚಿನದು. ಅಥವಾ ದೊಡ್ಡ ಕುಂಡದೊಳಗೆ ಚಿಕ್ಕದನ್ನಿಟ್ಟು ನಡುವೆ ಮರಳು ತುಂಬಿ. ಮೇಲೆ ತೆಂಗಿನ ನಾರು ಹೊದಿಸಿ.

ಶ್ರೀರಾಂಪುರದ ಸೊಸೆ
ಮುಖ್ಯ ದ್ವಾರದ ಎರಡು ಪಕ್ಕ ಜೋಡಿ ಮೋರ್‌ಪಂಖಿ ಇಟ್ಟರೆ ಮನೆಯಲ್ಲಿ ಜಗಳ ಆಗಲ್ಲ ಅಂತ ನಮ್ಮತ್ತೆ ವಾಟ್ಸಾಪ್‌ನಲ್ಲಿ ಓದಿ ತರಿಸಿದರು. ಯಾವ ಪಕ್ಕ ಯಾವುದು ಇಡಬೇಕು ಅಂತ ಜಗಳ ಆಯಿತು.

ಹಳೇ ಮೈಸೂರು
😂😂

ಮಂಡ್ಯ ಹೈದ
ವಾಸ್ತು ಬಂತು, ಇನ್ನು ಚರ್ಚೆ ಮುಗಿಯಲ್ಲ.

ಲೆಕ್ಕದ ಮೇಷ್ಟ್ರು
ವಾಸ್ತು ಬಿಡಿ, ನನ್ನ ತಕರಾರು ಬೇರೆ. ನಮ್ಮಲ್ಲಿ ಕಣಗಿಲೆ, ನಂದಿಬಟ್ಟಲು, ದಾಸವಾಳ ಇರುವಾಗ ಈ ಬಣ್ಣ ಹಚ್ಚಿದಂತಿರುವ ಗಿಡ ಯಾಕೆ? ಹೂವಿಲ್ಲ, ಪೂಜೆಗಿಲ್ಲ, ಒಂದು ಚಿಟ್ಟೆ ಬರುವುದಿಲ್ಲ. ಹೊಸ ಬಡಾವಣೆಯ ಮನೆ ಮುಂದೆಲ್ಲ ಅದೇ ಎರಡು ಹಳದಿ ಉಂಡೆ.

ಗಿಡದ ಗೀಳು
ಮೇಷ್ಟ್ರೇ, ದಾಸವಾಳ ಬೆಳಿಗ್ಗೆ ವಾಕಿಂಗ್ ಬರುವವರ ಪಾಲು. ಗೇಟಿನ ಹೊರಗಿಟ್ಟು ಒಂದು ಹೂ ನಿಮಗೆ ಉಳಿದರೆ ಹೇಳಿ. ಥೂಜಾವನ್ನು ಯಾರೂ ಕೀಳುವುದಿಲ್ಲ.

ಲೆಕ್ಕದ ಮೇಷ್ಟ್ರು
ಆ ಮಾತಿಗೆ ನನ್ನ ಬಳಿ ಉತ್ತರ ಇಲ್ಲ. ಪ್ಲಾಸ್ಟಿಕ್ ಕವರ್ ಹಿಡಿದೇ ಬರುತ್ತಾರೆ.

ಮಲ್ಲಿಗೆ ಮೊಗ್ಗು
ದಕ್ಷಿಣ ಭಾರತದ್ದೇ ಅನ್ನುವ ಕೋನಿಫರ್ ಒಂದೂ ಇಲ್ಲವಾ?

ಗಿಡದ ಗೀಳು
ಒಂದಿದೆ, ನಗೇಯ ವಾಲಿಚಿಯಾನಾ. ಪಶ್ಚಿಮ ಘಟ್ಟದ ತೇವದ ಕಾಡಿನದು. ಎಲೆ ಅಗಲವಾಗಿರುವುದರಿಂದ ನೋಡಿದರೆ ಕೋನಿಫರ್ ಅನ್ನಿಸುವುದೇ ಇಲ್ಲ. ಆದರೆ ದೊಡ್ಡ ಮರ, ಕುಂಡದ ಮಾತಲ್ಲ. ಅದರ ನೆಂಟ ಪೊಡೊಕಾರ್ಪಸ್ ಮ್ಯಾಕ್ರೊಫಿಲಸ್ ಚೀನಾ, ಜಪಾನ್ ಕಡೆಯದು, ಸೆಕೆ ತಡೆಯುತ್ತದೆ, ಕತ್ತರಿಯನ್ನೂ ತಡೆಯುತ್ತದೆ. ಸಿಕ್ಕರೆ ಬಿಡಬೇಡಿ.

ಜುನಿಪರ್ ಜಗಲಿ
ಕತ್ತರಿ ಅಂದಿರಲ್ಲ, ಇದು ತಿಳಿದಿರಲಿ. ಥೂಜಾ, ಜುನಿಪರ್‌ಗಳಲ್ಲಿ ಹಸಿರು ಇರುವ ಕಡೆ ಮಾತ್ರ ಕತ್ತರಿಸಿ. ಒಳಗಿನ ಕಂದು ಕಡ್ಡಿಯವರೆಗೆ ಹೋದರೆ ಅಲ್ಲಿ ಮತ್ತೆ ಚಿಗುರು ಬರುವುದಿಲ್ಲ, ತೂತು ತೂತಾಗಿಯೇ ಉಳಿಯುತ್ತದೆ. ಮಾಲಿ ಬಂದು "ಶೇಪ್ ಕೊಡ್ತೀನಿ" ಅಂದರೆ ಪಕ್ಕದಲ್ಲೇ ನಿಂತುಕೊಳ್ಳಿ. ಬೃಂದಾವನದಲ್ಲಿ, ಕುಪ್ಪಣ್ಣ ಪಾರ್ಕಿನ ದಸರಾ ಫಲಪುಷ್ಪ ಪ್ರದರ್ಶನದಲ್ಲಿ ನೋಡಿ ಆಸೆಪಟ್ಟು ಮನೆ ಗಿಡಕ್ಕೆ ಆನೆ, ನವಿಲು ಮಾಡಲು ಹೋಗುವವರು ಇದ್ದಾರೆ.

ಇನ್ನೊಂದು, ಒಳಗಡೆಯ ಹಳೇ ಎಲೆ ಕಂದಾಗಿ ಉದುರುವುದು ಸಹಜ, ಹೆದರಬೇಡಿ. ತುದಿಯಿಂದ ಒಣಗುತ್ತಾ ಬಂದರೆ, ಅಥವಾ ಒಂದು ಪಕ್ಕ ಪೂರ್ತಿ ಮಂಕಾದರೆ ಹೆದರಿ. ಬೇಸಿಗೆಯಲ್ಲಿ ಎಲೆ ದೂಳು ಹಿಡಿದಂತೆ ಕಂಡರೆ ಕೆಳಗೆ ಬಿಳಿ ಕಾಗದ ಹಿಡಿದು ಕೊಂಬೆ ತಟ್ಟಿ. ಬಿದ್ದ ಚುಕ್ಕಿಗಳು ನಡೆದಾಡಿದರೆ ಅದು ದೂಳಲ್ಲ, ಕೆಂಪು ನುಸಿ. ಪೈಪಿನಲ್ಲಿ ಒಳಗೆಲ್ಲ ತಾಗುವಂತೆ ಜೋರಾಗಿ ನೀರು ಹೊಡೆಯಿರಿ, ಎರಡು ಮೂರು ದಿನ ಬಿಟ್ಟು ಮತ್ತೆ. ಕಡಿಮೆಯಾಗದಿದ್ದರೆ ಬೇವಿನ ಎಣ್ಣೆ, ಸಂಜೆ ಹೊತ್ತು.

ಬೋನ್ಸಾಯ್ ಆಸಕ್ತಿ ಇದ್ದವರು ಊಟಿ ರಸ್ತೆಯ ಗಣಪತಿ ಸಚ್ಚಿದಾನಂದ ಆಶ್ರಮದ ಕಿಷ್ಕಿಂಧಾ ಬೋನ್ಸಾಯ್ ತೋಟ ನೋಡಿ ಬನ್ನಿ. ಸಣ್ಣ ತಟ್ಟೆಯಲ್ಲಿ ಮರ ಬದುಕಿಸುವುದು ಹೇಗೆ ಅಂತ ಕಣ್ಣಾರೆ ಕಾಣಬಹುದು.

ಜೆ.ಪಿ. ನಗರದ ಅಕ್ಕ
ಗೊಬ್ಬರ ಎಷ್ಟು ಹಾಕಬೇಕು? ಭಾವ ಈಗ ಥೂಜಾ ತಂದಿದ್ದಾರೆ, ಯೂರಿಯಾ ಡಬ್ಬಿಯೂ ಕೈಯಲ್ಲಿದೆ.

ಪಾಂಡವಪುರದ ಪಂಪ್‌ಸೆಟ್
ಡಬ್ಬಿ ಕಿತ್ತುಕೊಳ್ಳಿ ಅಕ್ಕ! ಯೂರಿಯಾ ಹಾಕಿದರೆ ಸಡಿಲವಾಗಿ ಉದ್ದುದ್ದ ಚಿಗುರು ಬಂದು ಆ ಒತ್ತು ಆಕಾರ ಹೋಗುತ್ತದೆ. ಮಳೆ ಶುರುವಿನಲ್ಲಿ ಎರಡು ಹಿಡಿ ಎರೆಗೊಬ್ಬರ, ದಸರಾ ಮುಗಿದ ಮೇಲೆ ಇನ್ನೊಮ್ಮೆ. ಸಾಕು.

ಬೋಗಾದಿ ತಾರಸಿ
ಎಲ್ಲರಿಗೂ ಥ್ಯಾಂಕ್ಸ್. ಎರಡು ಔರಿಯಾ ನಾನಾ ತಗೊಂಡೆ, ನರ್ಸರಿ ಹುಡುಗ ಹೇಳಿದಂತೆ ಬುಡ ನೋಡಿ ಆರಿಸಿದೆ. ಮನೆಯಲ್ಲಿ ಹಟ ಬಿಡದೆ ಒಂದು ನಿಂಬೆ ಸೈಪ್ರೆಸ್ ಕೂಡ ಬಂದಿದೆ. ಅದನ್ನು ಪೂರ್ವದ ಬಾಲ್ಕನಿಯಲ್ಲಿ ಇಟ್ಟಿದ್ದೇವೆ. ಈಗ ಹೊಸ ಸಮಸ್ಯೆ. ಎಡಗಡೆ ಕುಂಡದ ಗಿಡ ಕೆಳಗಿನಿಂದ ಒಂದು ಗೇಣು ಕಂದಾಗುತ್ತಿದೆ, ರಸ್ತೆ ಕಡೆಗೆ ಮಾತ್ರ. ನೀರು ಸರಿಯಾಗಿದೆ, ನುಸಿ ಇಲ್ಲ, ಕಾಗದ ಹಿಡಿದು ನೋಡಿದೆ.

ಮಂಡ್ಯ ಹೈದ
ಬೀದಿ ನಾಯಿ ಕಾಲೆತ್ತುತ್ತಿದೆ ಗುರು. ಒಂದು ಗೇಣು, ರಸ್ತೆ ಕಡೆ, ಇನ್ನೇನು ಬೇಕು ಸಾಕ್ಷಿ.

ಜುನಿಪರ್ ಜಗಲಿ
ಹೈದ ಸರಿ. ಮೂತ್ರದ ಉಪ್ಪಿಗೆ ಸುಡುತ್ತದೆ. ಆ ಭಾಗವನ್ನು ಈಗಲೇ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ, ಮಣ್ಣಿಗೂ ಧಾರಾಳವಾಗಿ ಹಾಕಿ ಹರಿಸಿ. ಪೂರ್ತಿ ಕಂದಾದದ್ದು ಮತ್ತೆ ಹಸಿರಾಗುವುದಿಲ್ಲ. ಕುಂಡ ತಿರುಗಿಸಿ ಗೋಡೆ ಕಡೆ ಮಾಡಿ, ಇಲ್ಲವೇ ಒಂದೂವರೆ ಅಡಿ ಸ್ಟ್ಯಾಂಡ್ ಮೇಲೆ ಎತ್ತಿ.

ಕುಂಡಪ್ರಿಯೆ
ನೀಲಿ ನೀರಿನ ಬಾಟಲಿ ನೇತುಹಾಕಿದರೆ ನಾಯಿ ಬರಲ್ಲ ಅಂತಾರಲ್ಲ?

ರಿಂಗ್‌ರೋಡ್ ನರ್ಸರಿ ಹುಡುಗ
ನಮ್ಮ ನರ್ಸರಿಯಲ್ಲಿ ಸಾಲಾಗಿ ಹತ್ತು ನೇತುಹಾಕಿದ್ದೇವೆ ಅಕ್ಕ. ನಾಯಿ ಅದರ ಕೆಳಗೇ ಮಲಗುತ್ತದೆ. ಸ್ಟ್ಯಾಂಡ್ ಬೇಕಾದರೆ ಹೇಳಿ, ಕಬ್ಬಿಣದ್ದು ಇದೆ.

ಲೆಕ್ಕದ ಮೇಷ್ಟ್ರು
ಎಷ್ಟು?

ಮಂಡ್ಯ ಹೈದ
ಕಡಿಮೆ ಮಾಡ್ಕೊಳ್ಳಿ.